ಅತ್ತೆಯ ಕರ್ಪೂರದ ವಾಸನೆಯೂ ಬಣ್ಣ ಬಣ್ಣದ ಮೆದುಳೂ

ಇಲ್ಲಿ ಏನಾದರೂ ಬರೆದು ಮೂರು ತಿಂಗಳ ಮೇಲಾಯ್ತು. ಕೆಲಸದ ಒತ್ತಡ ಅಂತ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಅರ್ಧ ಒತ್ತಡ, ಅರ್ಧ ಸೋಮಾರಿತನ. ಇವತ್ತು ಬರೆಯಲು ಕೂತಿದ್ದಕ್ಕೆ ಕಾರಣ ಕಳೆದ ಶುಕ್ರವಾರ ನಮ್ಮ ಆಫೀಸಿನಲ್ಲಿ ನಡೆದ ಧ್ಯಾನದ ಕ್ಲಾಸು.

ಒಂದು ರಿಲೀಸು ಮುಗಿದಿತ್ತು. ಎರಡು ವಾರ ನಮ್ಮ ಟೀಮಿನಲ್ಲಿ ರಾತ್ರಿ ಹನ್ನೊಂದಕ್ಕೆ ಮೊದಲು ಮನೆ ಮುಟ್ಟಿದವರಿಲ್ಲ. ಎಚ್‌ಆರ್‌ನವರಿಗೆ ಕನಿಕರ ಬಂದು, ಮೀಟಿಂಗ್ ರೂಮಿನ ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತರಿಸಿ, ನೆಲಕ್ಕೆ ಚಾಪೆ ಹಾಸಿ ನಮ್ಮನ್ನು ಕೂರಿಸಿದರು. ಕಲಿಸಲು ಬಂದವರು ಸಜ್ಜನರು, ದನಿಯೂ ಚೆನ್ನಾಗಿತ್ತು. ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಉಸಿರಾಟ ಗಮನಿಸುತ್ತ ಕೂತೆವು. ಸುಳ್ಳು ಯಾಕೆ, ಹಿತವಾಗಿತ್ತು. (ನನ್ನ ಎಡಕ್ಕೆ ಕೂತವನು ಗೊರಕೆ ಹೊಡೆದ. ಅವನಿಗೆ ಇನ್ನೂ ಹಿತವಾಗಿರಬೇಕು.)

ತಕರಾರು ಶುರುವಾಗಿದ್ದು ಆಮೇಲೆ. ಪರದೆಯ ಮೇಲೆ ಎರಡು ಮೆದುಳಿನ ಚಿತ್ರ ಬಂತು. ಒಂದು ನೀಲಿ, ಇನ್ನೊಂದರಲ್ಲಿ ಹೋಳಿ ಆಡಿದ ಹಾಗೆ ಕೆಂಪು, ಹಳದಿ. ಮೊದಲನೆಯದು ಧ್ಯಾನಕ್ಕೆ ಮುಂಚೆ, ಎರಡನೆಯದು ನಂತರ ಅಂದರು. "ನಮ್ಮ ಋಷಿಗಳು ಸಾವಿರಾರು ವರ್ಷದ ಹಿಂದೆ ಹೇಳಿದ್ದನ್ನು ಇವತ್ತು ಅಮೆರಿಕದ ವಿಜ್ಞಾನಿಗಳು ಸ್ಕ್ಯಾನ್ ಮಾಡಿ ಒಪ್ಪಿಕೊಂಡಿದ್ದಾರೆ. ಇದು ಪ್ರೂವ್ ಆಗಿದೆ." ಚಪ್ಪಾಳೆ. ಕಾಫಿ ಮಷೀನಿನ ಹತ್ತಿರ ನಮ್ಮ ಟೀಮಿನ ನಾಸ್ತಿಕ ಶಿರೋಮಣಿ ನನ್ನನ್ನು ಹಿಡಿದುಕೊಂಡ. "ಲೋ, ದೇವರು ಅಂದ್ರೆ ಟೆಂಪೊರಲ್ ಲೋಬಿನ ಶಾರ್ಟ್ ಸರ್ಕ್ಯೂಟ್ ಕಣೋ. ಅದೂ ಪ್ರೂವ್ ಆಗಿದೆ."

ಇಬ್ಬರ ಬಾಯಲ್ಲೂ ಒಂದೇ ಮಾತು. ಪ್ರೂವ್ ಆಗಿದೆ! ನಮ್ಮಲ್ಲಿ ಮೂರು ಸಾಲು ಕೋಡ್ ಬದಲಾಯಿಸಿದರೂ ಟೆಸ್ಟ್ ರಿಪೋರ್ಟ್ ಕೇಳುವ ಜನ, ಮೆದುಳಿನ ವಿಷಯಕ್ಕೆ ಬಂದ ಕೂಡಲೇ ಒಂದು ಬಣ್ಣದ ಚಿತ್ರಕ್ಕೆ ಸಹಿ ಹಾಕಿಬಿಡುತ್ತೇವೆ. ನಾನು ಇಬ್ಬರಿಗೂ ಏನೂ ಹೇಳದೆ ಬಂದೆ. ಯಾಕೆಂದರೆ ನನಗೆ ಆ ಹೊತ್ತಿಗೆ ನೆನಪಾಗಿದ್ದು ನಮ್ಮತ್ತೆ.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ತೀರ್ಥಹಳ್ಳಿ ಕಡೆ ಸಣ್ಣ ಅಡಿಕೆ ತೋಟ, ಹಳೇ ಹೆಂಚಿನ ಮನೆ. ನಾನು ರಜೆಯಲ್ಲಿ ಹೋಗಿ ಬೆಳೆದಿದ್ದೇ ಅಲ್ಲಿ. ಅವಳಿಗೆ ಮೊದಲಿಂದಲೂ ಒಂದು 'ಬರುತ್ತಿತ್ತು'. ಮನೆಯಲ್ಲಿ ಹಾಗೇ ಹೇಳುತ್ತಿದ್ದರು, 'ಅತ್ತಿಗೆಗೆ ಬಂತು' ಅಂತ. ತಿಂಗಳಿಗೆ ಎರಡು ಮೂರು ಸಲ, ಹೆಚ್ಚಾಗಿ ಸಂಜೆ ಹೊತ್ತು. ಹೊಟ್ಟೆಯಿಂದ ಏನೋ ಎದ್ದು ಗಂಟಲಿಗೆ ಬಂದ ಹಾಗೆ. ಎಲ್ಲೂ ಹಚ್ಚದಿದ್ದರೂ ಕರ್ಪೂರ ಉರಿದ ವಾಸನೆ. ಆಮೇಲೆ ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗೆ. ಯಾರು ಅಂತ ಕೇಳಿದರೆ, "ಮುಖ ಕಾಣ್ತಿಲ್ಲೆ, ಆದ್ರೆ ನಮ್ಮವನೇ" ಅನ್ನುತ್ತಿದ್ದಳು. ಒಂದು ನಿಮಿಷವೂ ಇರುತ್ತಿರಲಿಲ್ಲ. ಅಷ್ಟರಲ್ಲಿ ಅವಳ ಕಣ್ಣು ಎಲ್ಲೋ ನೆಟ್ಟು, ಬಾಯಿ ಏನೋ ಚಪ್ಪರಿಸಿದ ಹಾಗೆ ಆಡುತ್ತ, ಬೆರಳು ಸೆರಗಿನ ತುದಿಯನ್ನು ಹೊಸೆಯುತ್ತಿರುತ್ತಿತ್ತು. ಮುಗಿದ ಮೇಲೆ ಐದು ನಿಮಿಷ ಮಾತು ಹೊರಡುತ್ತಿರಲಿಲ್ಲ. ಊರಿನ ಕೆಲವರು ಆ ಹೊತ್ತಿಗೆ ಸರಿಯಾಗಿ ಬಂದುಬಿಟ್ಟರೆ ಕಾಲಿಗೆ ಬೀಳುತ್ತಿದ್ದರು. ಅವಳಿಗೆ ಅದು ಇಷ್ಟವಾಗುತ್ತಿರಲಿಲ್ಲ. ಭವಿಷ್ಯ ಹೇಳಿದವಳಲ್ಲ, ಒಂದು ತೆಂಗಿನಕಾಯಿ ಕೂಡ ತೆಗೆದುಕೊಂಡವಳಲ್ಲ. ಒಬ್ಬ ಡಾಕ್ಟರು ಗ್ಯಾಸ್ಟ್ರಿಕ್ ಅಂತ ಗುಳಿಗೆ ಕೊಟ್ಟಿದ್ದರು. ಅದನ್ನೂ ಭಕ್ತಿಯಿಂದಲೇ ತಿಂದಳು.

ನಾಲ್ಕು ವರ್ಷದ ಹಿಂದೆ ನೆಂಟರ ಮನೆ ಗೃಹಪ್ರವೇಶದಲ್ಲಿ ಪಾಯಸದ ಕೊಳಗದ ಪಕ್ಕದಲ್ಲೇ ಬಿದ್ದಳು. ಮೈಯೆಲ್ಲ ಸೆಟೆದು ಅದುರಿತು. ಯಾರೋ ಕೈಗೆ ಬೀಗದ ಕೈ ಗೊಂಚಲು ತುರುಕಿದರು, ಇನ್ಯಾರೋ ಬಾಯಿಗೆ ಚಮಚ ಹಾಕಲು ಹೋದರು. (ದಯವಿಟ್ಟು ಇವೆರಡನ್ನೂ ಮಾಡಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆ ಕೆಳಗೆ ಏನಾದರೂ ಮೆತ್ತಗಿನದು ಇಡಿ, ಬಾಯಿಗೆ ಏನನ್ನೂ ಹಾಕಬೇಡಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಓಡಿ. ಅಷ್ಟೇ.) ಶಿವಮೊಗ್ಗದಲ್ಲಿ ನರರೋಗದ ಡಾಕ್ಟರಿಗೆ ತೋರಿಸಿದೆವು. ಇಇಜಿ ಆಯ್ತು, ಎಂಆರ್‌ಐ ಆಯ್ತು. ಎಡಗಡೆ ಟೆಂಪೊರಲ್ ಲೋಬಿನಲ್ಲಿ, ಅಂದರೆ ಕಿವಿಯ ಒಳಬದಿಗೆ ಬರುವ ಭಾಗದಲ್ಲಿ, ಹಳೇ ಕಲೆ ಇತ್ತು. "ಚಿಕ್ಕವರಿದ್ದಾಗ ಜ್ವರ ಏರಿ ಫಿಟ್ಸ್ ಬಂದಿತ್ತಾ?" ಅಂತ ಅವರು ಕೇಳಿದರು. ಬಂದಿತ್ತಂತೆ, ಅಜ್ಜಿ ಹೇಳುತ್ತಿದ್ದಳು ಅಂತ ಅಪ್ಪನಿಗೆ ಆಗ ನೆನಪಾಯ್ತು. ಬೆಳಿಗ್ಗೆ ಒಂದು, ರಾತ್ರಿ ಒಂದು ಗುಳಿಗೆ. ಮೂರು ತಿಂಗಳಲ್ಲಿ ಎಲ್ಲ ನಿಂತಿತು. ಅದುರುವುದೂ ನಿಂತಿತು, ಕರ್ಪೂರದ ವಾಸನೆಯೂ ನಿಂತಿತು, ಬೆನ್ನ ಹಿಂದೆ ನಿಲ್ಲುವವನೂ ನಿಂತ.

ಆ ವರ್ಷ ದೀಪಾವಳಿಗೆ ಹೋದಾಗ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತವಳು ಕೇಳಿದಳು. "ತಮ್ಮಾ, ನೀನು ಓದಿದವನು. ಅಷ್ಟು ವರ್ಷ ಬಂದಿದ್ದು ಯಾರು ಹಂಗಾರೆ?"

ಆಗ ನನಗೆ ಉತ್ತರ ಹೊಳೆಯಲಿಲ್ಲ. ಏನೋ ಹೇಳಿ ಮಾತು ಮರೆಸಿದೆ. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ನಾನು ಡಾಕ್ಟರಲ್ಲ, ಕಂಪ್ಯೂಟರ್ ಸೈನ್ಸ್ ಓದಿದವನು. ಆದ್ದರಿಂದ ಇದನ್ನು ಒಬ್ಬ ಅಳಿಯನ ಅಭಿಪ್ರಾಯ ಅಂತ ಮಾತ್ರ ಓದಿಕೊಳ್ಳಿ.

ಮೊದಲು ನಮ್ಮ ನಾಸ್ತಿಕ ಶಿರೋಮಣಿಯ ಮಾತು. ಟೆಂಪೊರಲ್ ಲೋಬಿನ ಕಥೆ ಜನಪ್ರಿಯವಾಗಿದ್ದು 1997ರ ಸುಮಾರಿಗೆ, ಕ್ಯಾಲಿಫೋರ್ನಿಯಾದ ವಿ.ಎಸ್. ರಾಮಚಂದ್ರನ್ ಅವರ ಪ್ರಯೋಗದಿಂದ. ಆ ಜಾಗದಲ್ಲಿ ಅಪಸ್ಮಾರ ಇದ್ದು, ಧರ್ಮದ ಗುಂಗು ಹೆಚ್ಚಿದ್ದ ಕೆಲವೇ ರೋಗಿಗಳಿಗೆ ಬೇರೆ ಬೇರೆ ಪದಗಳನ್ನು ತೋರಿಸಿ, ಅಂಗೈಯ ಬೆವರಿನ ವಿದ್ಯುತ್ ವಾಹಕತೆ ಅಳೆದರು. ಮಾಮೂಲಿ ಜನರ ಕೈ ಕಾಮ, ಹಿಂಸೆಯ ಪದಗಳಿಗೆ ಬೆವರುತ್ತದೆ. ಇವರಿಗೆ ದೇವರ ಪದಗಳಿಗೆ ಹೆಚ್ಚು ಬೆವರಿತು. ಪತ್ರಿಕೆಗಳು ಮೆದುಳಿನಲ್ಲಿ ದೇವರ ಜಾಗ ಸಿಕ್ಕಿತು ಅಂತ ಬರೆದವು. ರಾಮಚಂದ್ರನ್ ಮಾತ್ರ ಇದರಿಂದ ದೇವರು ಇಲ್ಲ ಅಂತಾಗಲೀ ಇದ್ದಾನೆ ಅಂತಾಗಲೀ ಆಗುವುದಿಲ್ಲ ಅಂತ ಅವತ್ತೇ ಹೇಳಿದ್ದರು. ಕೈಬೆರಳಲ್ಲಿ ಎಣಿಸಬಹುದಾದಷ್ಟು ರೋಗಿಗಳು. ಅಪಸ್ಮಾರ ಇರುವವರಲ್ಲಿ ದೈವಾನುಭವ ಆಗುವವರು ತೀರ ಅಪರೂಪ. ಹೆಚ್ಚಿನವರಿಗೆ ಆಗುವುದು ಭಯ, ಅಥವಾ ವಾಕರಿಕೆ.

ಕೆನಡಾದ ಸಡ್‌ಬರಿಯಲ್ಲಿ ಮೈಕೆಲ್ ಪರ್ಸಿಂಜರ್ ಅಂತ ಒಬ್ಬರಿದ್ದರು (2018ರಲ್ಲಿ ತೀರಿಕೊಂಡರು). ಸ್ನೋಮೊಬೈಲ್ ಓಡಿಸುವವರ ಹೆಲ್ಮೆಟ್ಟಿಗೆ ತಂತಿ ಸುರುಳಿ ಕೂರಿಸಿ, ಕಿವಿಯ ಮೇಲ್ಭಾಗಕ್ಕೆ ಸಣ್ಣ ಕಾಂತಕ್ಷೇತ್ರ ಕೊಟ್ಟರೆ ಹತ್ತರಲ್ಲಿ ಎಂಟು ಜನಕ್ಕೆ 'ಯಾರೋ ಇದ್ದಾರೆ' ಅನ್ನಿಸುತ್ತದೆ ಎಂದರು. ದೇವರ ಹೆಲ್ಮೆಟ್ ಅಂತಲೇ ಹೆಸರಾಯ್ತು. 2003ರಲ್ಲಿ ಬಿಬಿಸಿಯವರು ರಿಚರ್ಡ್ ಡಾಕಿನ್ಸ್ ತಲೆಗೂ ಹಾಕಿಸಿದರು. ಆ ಪುಣ್ಯಾತ್ಮನಿಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. :) ಇಂಜಿನಿಯರ್ ಕಣ್ಣಿಗೆ ಮೊದಲು ಬೀಳುವುದು ಆ ಕಾಂತಕ್ಷೇತ್ರದ ಪ್ರಮಾಣ. ಸುಮಾರು ಒಂದು ಮೈಕ್ರೋಟೆಸ್ಲಾ. ಭೂಮಿಯ ಕಾಂತಕ್ಷೇತ್ರವೇ ಜಾಗಕ್ಕೆ ತಕ್ಕಂತೆ 25ರಿಂದ 65 ಮೈಕ್ರೋಟೆಸ್ಲಾ ಇದೆ. ಫ್ರಿಜ್ಜಿಗೆ ಅಂಟಿಸುವ ಗೊಂಬೆಯ ಅಯಸ್ಕಾಂತ ಇದಕ್ಕಿಂತ ಸಾವಿರಾರು ಪಟ್ಟು. ಬಲ ಮುಖ್ಯವಲ್ಲ, ಸಿಗ್ನಲ್ಲಿನ ವಿನ್ಯಾಸ ಮುಖ್ಯ ಅನ್ನುವುದು ಪರ್ಸಿಂಜರ್ ವಾದ. ಆಗಲಿ. ಸ್ವೀಡನ್ನಿನ ಪೇರ್ ಗ್ರಾನ್‌ಕ್ವಿಸ್ಟ್ ಮತ್ತು ಗೆಳೆಯರು ಅದನ್ನೂ ಪರೀಕ್ಷಿಸಿದರು. ಯಾರ ಹೆಲ್ಮೆಟ್ಟಿಗೆ ಕರೆಂಟ್ ಇದೆ, ಯಾರದಕ್ಕಿಲ್ಲ ಅನ್ನುವುದು ಹಾಕಿಕೊಂಡವರಿಗೂ ಗೊತ್ತಿಲ್ಲ, ಹಾಕಿದವರಿಗೂ ಗೊತ್ತಿಲ್ಲ. 2005ರಲ್ಲಿ ಫಲಿತಾಂಶ ಪ್ರಕಟವಾಯ್ತು. ಕರೆಂಟಿಗೂ ಅನುಭವಕ್ಕೂ ಸಂಬಂಧವಿರಲಿಲ್ಲ. ಯಾರ ಮನಸ್ಸು ಸೂಚನೆಗೆ ಬೇಗ ಒಲಿಯುತ್ತದೋ ಅವರಿಗೆ ಕರೆಂಟ್ ಇಲ್ಲದಿದ್ದರೂ ಯಾರೋ ಬಂದಿದ್ದರು. ಪರ್ಸಿಂಜರ್ ಒಪ್ಪಲಿಲ್ಲ, ನಮ್ಮ ಹೆಲ್ಮೆಟ್ಟನ್ನು ನೀವು ಸರಿಯಾಗಿ ಓಡಿಸಿಲ್ಲ ಅಂದರು. 'ನನ್ನ ಮಷೀನಿನಲ್ಲಿ ಓಡುತ್ತೆ' ಅನ್ನುವ ಈ ಉತ್ತರ ನಮ್ಮ ವೃತ್ತಿಯವರಿಗೆಲ್ಲ ಚಿರಪರಿಚಿತ.

ಇಷ್ಟಕ್ಕೇ ನಿಲ್ಲಿಸಿದರೆ ಆಸ್ತಿಕರು ಚಪ್ಪಾಳೆ ಹೊಡೆಯಬಹುದು. ನಿಲ್ಲಿಸುವ ಹಾಗಿಲ್ಲ. ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ಸ್ವಿಟ್ಜರ್ಲೆಂಡಿನ ಓಲಾಫ್ ಬ್ಲಾಂಕೆ ಅವರ ತಂಡದ ಕೆಲಸ. 2006ರಲ್ಲಿ ಅಪಸ್ಮಾರದ ಶಸ್ತ್ರಚಿಕಿತ್ಸೆಗೆ ತಯಾರಾಗುತ್ತಿದ್ದ 22 ವರ್ಷದ ಒಬ್ಬ ಹೆಣ್ಣುಮಗಳ ಮೆದುಳಿನ ಎಡಭಾಗದಲ್ಲಿ, ಟೆಂಪೊರಲ್ ಮತ್ತು ಪರೈಟಲ್ ಲೋಬುಗಳು ಕೂಡುವ ಜಾಗಕ್ಕೆ ಸಣ್ಣ ಕರೆಂಟು ಕೊಟ್ಟರು. ಅವಳ ಹಿಂದೆ ಒಬ್ಬ ನೆರಳಿನಂಥ ಮನುಷ್ಯ ಬಂದ. ಅವಳು ಮಲಗಿದರೆ ಅವನೂ ಮಲಗುತ್ತಿದ್ದ, ಅವಳು ಕೂತು ಮೊಣಕಾಲು ಅಪ್ಪಿಕೊಂಡರೆ ಅವನೂ ಕೂತು ಅವಳನ್ನು ಅಪ್ಪುತ್ತಿದ್ದ. ಅಂದರೆ ಆ ನೆರಳು ಬೇರೆ ಯಾರೂ ಅಲ್ಲ, ಅವಳದೇ ಮೈ. ತನ್ನ ಮೈ ಎಲ್ಲಿದೆ ಅಂತ ಮೆದುಳು ಹಾಕುವ ಲೆಕ್ಕ ಒಂಚೂರು ಜಾರಿ ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿತ್ತು.

ಅದು ರೋಗಿಯ ಮೆದುಳು ಅನ್ನುತ್ತೀರಾ? 2014ರಲ್ಲಿ ಅವರೇ ಆರೋಗ್ಯವಂತರ ಮೇಲೆ ಇನ್ನೊಂದು ಮಾಡಿದರು. ಕಣ್ಣಿಗೆ ಬಟ್ಟೆ ಕಟ್ಟಿ ನಿಲ್ಲಿಸಿ, ಮುಂದೆ ಒಂದು ಯಂತ್ರದ ಕಡ್ಡಿಯನ್ನು ಬೆರಳಿನಿಂದ ಆಡಿಸಲು ಹೇಳಿದರು. ಹಿಂದೆ ಇನ್ನೊಂದು ಯಂತ್ರ ಅದೇ ಚಲನೆಯನ್ನು ಅವರ ಬೆನ್ನ ಮೇಲೆ ಮಾಡುತ್ತದೆ. ಎರಡೂ ಒಟ್ಟೊಟ್ಟಿಗೆ ನಡೆದರೆ ನಿಮ್ಮ ಬೆನ್ನನ್ನು ನೀವೇ ಮುಟ್ಟಿಕೊಂಡ ಹಾಗೆ ಅನಿಸುತ್ತದೆ. ಹಿಂದಿನ ಯಂತ್ರವನ್ನು ಅರ್ಧ ಸೆಕೆಂಡು ತಡ ಮಾಡಿದರು. ಅಷ್ಟೇ. ಕೆಲವರಿಗೆ ಹಿಂದೆ ಯಾರೋ ನಿಂತಿರುವುದು ಖಚಿತವಾಗಿ ಅನ್ನಿಸಿತು, ಇಬ್ಬರು ಹೆದರಿ ಸಾಕು ನಿಲ್ಲಿಸಿ ಅಂದರು. ಐನೂರು ಮಿಲಿಸೆಕೆಂಡ್ ಲೇಟೆನ್ಸಿಗೆ ನಮ್ಮ ಸರ್ವರಿನಲ್ಲಿ ಗ್ರಾಹಕರ ಬೈಗುಳ ಬರುತ್ತದೆ. ಮನುಷ್ಯನಲ್ಲಿ ಅಷ್ಟೇ ಲೇಟೆನ್ಸಿಗೆ ಬೆನ್ನ ಹಿಂದೆ ಯಾರೋ ಬರುತ್ತಾರೆ!

ಇದನ್ನು ಓದಿದ ದಿನ ಅತ್ತೆಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಅದನ್ನು ಇಲ್ಲಿ ನುಣುಚಿಕೊಳ್ಳದೆ ಬರೆಯುತ್ತೇನೆ. ಅತ್ತೆಗೆ ಬರುತ್ತಿದ್ದದ್ದು ಫಿಟ್ಸ್. ಹೊಟ್ಟೆಯಿಂದ ಏಳುವುದು, ಇಲ್ಲದ ವಾಸನೆ, ಬಾಯಿ ಚಪ್ಪರಿಸುವುದು, ಆಮೇಲೆ ಮಾತು ಹೊರಡದಿರುವುದು, ಎಲ್ಲ ಪಠ್ಯಪುಸ್ತಕದಲ್ಲಿ ಬರೆದಿಟ್ಟ ಹಾಗಿದೆ. ನಿಂತಿದ್ದವನು ಅವಳದೇ ಮೈಯ ನೆರಳು. 'ಅದಕ್ಕೆ ಎರಡು ಅರ್ಥ ಇರಬಹುದು, ವಿಜ್ಞಾನಕ್ಕೂ ನಿಲುಕದ್ದು ಇದೆ' ಅಂತ ಇಬ್ಬರಿಗೂ ಬೇಜಾರಾಗದ ಹಾಗೆ ಬರೆದು ಜಾಣನಾಗಬಹುದಿತ್ತು. ಆದರೆ ಹಾಗೆ ಜಾಣರಾದವರಿಂದಲೇ ಅವಳಿಗೆ ಔಷಧಿ ಸಿಗಲು ಇಪ್ಪತ್ತು ವರ್ಷ ತಡವಾಯಿತು. ಕುದಿಯುವ ಪಾಯಸದ ಕೊಳಗಕ್ಕೂ ಅವಳಿಗೂ ಎರಡು ಅಡಿ ಅಂತರವಿತ್ತು ಅಷ್ಟೇ.

ಹಾಗಾದರೆ ಶಿರೋಮಣಿ ಗೆದ್ದನಾ? ಇಲ್ಲ. ಅವನು ಅನುಭವವನ್ನೂ ನಂಬಿಕೆಯನ್ನೂ ಒಂದೇ ಮಾಡಿದ. ನಮ್ಮೂರಲ್ಲಿ ದೇವರನ್ನು ನಂಬುವವರ ಪೈಕಿ ಬೆನ್ನ ಹಿಂದೆ ಯಾರಾದರೂ ಬಂದು ನಿಂತವರು ಅತ್ತೆ ಒಬ್ಬಳೇ. ಉಳಿದವರಿಗೆ ಯಾವ ವಾಸನೆಯೂ ಬರಲಿಲ್ಲ, ಆದರೂ ಶನಿವಾರ ತಪ್ಪದೆ ಹೋಗುತ್ತಾರೆ. ಇದಕ್ಕೆ ಒಂದು ಒಳ್ಳೇ ಪ್ರಯೋಗ ಇದೆ, ಅದನ್ನು ಮಾಡಿದವರಲ್ಲಿ ಮೊದಲಿಗರು ಕಟ್ಟಾ ನಾಸ್ತಿಕ ಸ್ಯಾಮ್ ಹ್ಯಾರಿಸ್! 2009ರದ್ದು. 15 ಜನ ಕ್ರೈಸ್ತ ಭಕ್ತರು, 15 ಜನ ನಂಬದವರನ್ನು ಸ್ಕ್ಯಾನರಿನೊಳಗೆ ಮಲಗಿಸಿ, ದೇವರ ಬಗ್ಗೆ ಕೆಲವು, ಲೋಕಾರೂಢಿಯ ವಿಷಯಗಳ ಬಗ್ಗೆ ಕೆಲವು ವಾಕ್ಯ ಓದಿಸಿ ನಿಜವೋ ಸುಳ್ಳೋ ಕೇಳಿದರು. 'ನಿಜ' ಅನ್ನುವಾಗ ಹಣೆಯ ಹಿಂದಿನ ಒಂದು ಭಾಗ ಹೆಚ್ಚು ಕೆಲಸ ಮಾಡಿತು. ದೇವರ ವಾಕ್ಯಕ್ಕೂ ಅದೇ, ಬೇರೆ ವಾಕ್ಯಕ್ಕೂ ಅದೇ. ಭಕ್ತರಿಗೂ ಅದೇ, ನಂಬದವರಿಗೂ ಅದೇ. ದೇವರನ್ನು ನಂಬಲು ಮೆದುಳಿನಲ್ಲಿ ಪ್ರತ್ಯೇಕ ಕೋಣೆ ಸಿಗಲಿಲ್ಲ. 'ಇದು ಮೆದುಳಿನಲ್ಲಿ ಆಗುತ್ತದೆ, ಆದ್ದರಿಂದ ಸುಳ್ಳು' ಎನ್ನುವ ವಾದ ಹಿಡಿದರೆ ಪೈಥಾಗೊರಸ್ ಪ್ರಮೇಯವೂ ಸುಳ್ಳಾಗಬೇಕು. ಅದೂ ಮೆದುಳಿನಲ್ಲೇ ಆಗೋದು.

ಇನ್ನೊಂದು ಸೂಕ್ಷ್ಮ ಇದೆ. ಫಾಬಿಯೆನ್ ಪಿಕಾರ್ ಅಂತ ಜಿನೀವಾದ ನರತಜ್ಞೆ, ಫಿಟ್ಸ್ ಬರುವಾಗ ಪರಮಾನಂದ ಆಗುವ ರೋಗಿಗಳನ್ನು ಅಧ್ಯಯನ ಮಾಡಿದ್ದಾರೆ. (ದಾಸ್ತೊಯೆವ್‌ಸ್ಕಿಗೆ ಹೀಗಾಗುತ್ತಿತ್ತು ಅಂತ ಪ್ರತೀತಿ.) ಅವರ ಕೆಲಸ ನೋಡಿದರೆ ಟೆಂಪೊರಲ್ ಲೋಬಿಗಿಂತ ಅದರ ಮಡಿಕೆಯೊಳಗೆ ಅವಿತಿರುವ ಇನ್ಸುಲಾ ಎಂಬ ಭಾಗವೇ ಮುಖ್ಯ ಅನ್ನಿಸುತ್ತದೆ. 2013ರಲ್ಲಿ ಅವರೂ ಸಂಗಡಿಗರೂ ವರದಿ ಮಾಡಿದ ಒಬ್ಬ ರೋಗಿಯಲ್ಲಿ ಆ ಭಾಗಕ್ಕೆ ಕರೆಂಟು ಕೊಟ್ಟಾಗ ಅದೇ ಆನಂದ ಮರುಕಳಿಸಿತ್ತು. ಇಂಥ ರೋಗಿಗಳು ಹೇಳುವ ಒಂದು ಮಾತು ನನ್ನನ್ನು ಬಿಡದೆ ಕಾಡುತ್ತದೆ. ಸುಖಕ್ಕಿಂತ ಹೆಚ್ಚಾಗಿ ಅವರಿಗೆ ಆಗುವುದು ಖಚಿತತೆ. ಎಲ್ಲ ಸರಿಯಾಗಿದೆ, ಯಾವ ಸಂಶಯವೂ ಇಲ್ಲ ಅನ್ನುವ ಭಾವ. ಅಂದರೆ ಖಚಿತತೆ ಕೂಡ ಹಸಿವು, ತುರಿಕೆಯ ಹಾಗೆ ಒಂದು ಅನಿಸಿಕೆ. ವಿಷಯ ಇಲ್ಲದೆಯೂ ಅದು ಬರಬಹುದು. ಭಕ್ತರಿಗೆ ಇದನ್ನು ಹೇಳುವ ನಾವು, ಕಾಫಿ ಮಷೀನಿನ ಪಕ್ಕ 'ಪ್ರೂವ್ ಆಗಿದೆ' ಅನ್ನುವಾಗ ನಮ್ಮ ಇನ್ಸುಲಾ ಏನು ಮಾಡುತ್ತಿರುತ್ತೆ ಅಂತ ಯೋಚಿಸುವುದಿಲ್ಲ.

ಈಗ ಧ್ಯಾನದ ಗುರುಗಳ ಕಡೆಗೆ ಬರೋಣ. ಅಮೆರಿಕದವರು ಇವತ್ತು ಒಪ್ಪಿಕೊಂಡರು ಅನ್ನುವುದೇ ಮೊದಲು ತಪ್ಪು. ದೆಹಲಿಯ ಏಮ್ಸ್‌ನಲ್ಲಿ ಆನಂದ್, ಛೀನಾ, ಬಲದೇವ್ ಸಿಂಗ್ ಎನ್ನುವವರು 1961ರಲ್ಲೇ ನಾಲ್ವರು ಯೋಗಿಗಳ ತಲೆಗೆ ಇಇಜಿ ತಂತಿ ಅಂಟಿಸಿ ಕೂರಿಸಿದ್ದರು. ನಾವು ಕಣ್ಣು ಮುಚ್ಚಿ ಸುಮ್ಮನಿದ್ದಾಗ ಮೆದುಳಿನಲ್ಲಿ ಆಲ್ಫಾ ಅಲೆ ಬರುತ್ತದೆ, ಸೆಕೆಂಡಿಗೆ 8ರಿಂದ 13 ಸಲ. ಪಕ್ಕದಲ್ಲಿ ಏನಾದರೂ ಢಬ್ ಅಂದರೆ ಅದು ಕೂಡಲೇ ಕಡಿಯುತ್ತದೆ. ಈ ಯೋಗಿಗಳು ಸಮಾಧಿಯಲ್ಲಿದ್ದಾಗ ಬೆಳಕು ಬಿಟ್ಟರೂ, ಸದ್ದು ಮಾಡಿದರೂ, ಬಿಸಿ ಗಾಜಿನ ಕೊಳವೆ ಮುಟ್ಟಿಸಿದರೂ ಆಲ್ಫಾ ಕಡಿಯಲಿಲ್ಲ. ಇನ್ನಿಬ್ಬರು 4 ಡಿಗ್ರಿಯ ತಣ್ಣೀರಿನಲ್ಲಿ ಮುಕ್ಕಾಲು ಗಂಟೆಗೂ ಮೀರಿ ಕೈ ಇಟ್ಟುಕೊಂಡು ಕೂತಿದ್ದರು. 1966ರಲ್ಲಿ ಜಪಾನಿನ ಕಸಮಾತ್ಸು ಮತ್ತು ಹಿರಾಯಿ ಝೆನ್ ಗುರುಗಳಿಗೆ ಒಂದೇ ಸದ್ದನ್ನು ಮತ್ತೆ ಮತ್ತೆ ಕೇಳಿಸಿದರು. ನಮಗೆ ನಾಲ್ಕನೇ ಸಲಕ್ಕೆ ಅಭ್ಯಾಸವಾಗಿ ಹೋಗುತ್ತದೆ, ಝೆನ್ ಗುರುಗಳ ಆಲ್ಫಾ ಪ್ರತಿ ಸಲವೂ ಹೊಸದಾಗಿ ಕೇಳಿದ ಹಾಗೆ ಕಡಿಯಿತು. ಎಷ್ಟು ಚಂದ ನೋಡಿ! ಯೋಗಿ ಲೋಕದಿಂದ ಒಳಸರಿದ, ಝೆನ್ ಗುರು ಪ್ರತಿ ಕ್ಷಣವನ್ನೂ ಹೊಸದಾಗಿ ಕಂಡ. ಆಯಾ ಶಾಸ್ತ್ರದಲ್ಲಿ ಏನು ಬರೆದಿದೆಯೋ ಅದೇ ಗ್ರಾಫಿನಲ್ಲಿ ಬಂತು. ಇಷ್ಟು ಚಂದ ಬಂದಾಗಲೇ ನಾವು ಅನುಮಾನಿಸಬೇಕು. 1981ರಲ್ಲಿ ಬೆಕರ್ ಮತ್ತು ಶಪಿರೊ ಯೋಗ, ಝೆನ್ ಅಭ್ಯಾಸಿಗಳನ್ನೆಲ್ಲ ಒಟ್ಟಿಗೆ ಕೂರಿಸಿ ಪರೀಕ್ಷೆ ಮಾಡಿದರು. ಆ ವ್ಯತ್ಯಾಸ ಸಿಗಲಿಲ್ಲ.

ಗುರುಗಳು ತೋರಿಸಿದಂಥ ಬಣ್ಣದ ಚಿತ್ರಗಳಿಗೆ ಪ್ರಚಾರ ಸಿಕ್ಕಿದ್ದು ಪೆನ್ಸಿಲ್ವೇನಿಯಾದ ಆಂಡ್ರ್ಯೂ ನ್ಯೂಬರ್ಗ್ ಮತ್ತು ಯೂಜೀನ್ ಡಕಿಲಿ ಅವರ ಕೆಲಸದಿಂದ. ಟಿಬೆಟಿಯನ್ ಪದ್ಧತಿಯಲ್ಲಿ ಧ್ಯಾನ ಮಾಡುವ 8 ಜನ. ಕೋಣೆಯಲ್ಲಿ ಮಲ್ಲಿಗೆ ಪರಿಮಳದ ಊದುಬತ್ತಿ, ಕೈಯಲ್ಲಿ ನರಕ್ಕೆ ಚುಚ್ಚಿದ ಸೂಜಿ, ಪಕ್ಕದಲ್ಲಿ ಒಂದು ದಾರ. ಧ್ಯಾನ ಶಿಖರ ಮುಟ್ಟಿದಾಗ ದಾರ ಎಳೆಯಬೇಕು. ಆ ಕಡೆ ಕೂತ ವಿಜ್ಞಾನಿ ಆಗ ವಿಕಿರಣದ ದ್ರವ ಬಿಡುತ್ತಾರೆ, ಅದು ರಕ್ತ ಹೆಚ್ಚು ಹರಿಯುವ ಕಡೆ ಹೋಗಿ ಕೂರುತ್ತದೆ, ಆಮೇಲೆ ಸ್ಕ್ಯಾನ್. ನೆತ್ತಿಯ ಹಿಂಭಾಗದಲ್ಲಿ, ನಮ್ಮ ಮೈ ಎಲ್ಲಿ ಮುಗಿದು ಹೊರಗಿನದು ಎಲ್ಲಿ ಶುರುವಾಗುತ್ತದೆ ಅಂತ ಲೆಕ್ಕವಿಡುವ ಜಾಗದಲ್ಲಿ ಚಟುವಟಿಕೆ ಇಳಿದಿತ್ತು. 'ಎಲ್ಲ ಒಂದಾದ' ಅನುಭವಕ್ಕೆ ಇದೇ ಕಾರಣ ಇರಬಹುದು ಅಂದರು. 2001ರ ಕೆಲಸ, ನನಗೆ ತುಂಬ ಇಷ್ಟ. ಆದರೂ ಒಂದು ಸಂಶಯ. ನಾನಿಲ್ಲ, ಎಲ್ಲ ಒಂದೇ ಅನ್ನಿಸಿದ ಕ್ಷಣದಲ್ಲಿ 'ಅಯ್ಯೋ, ದಾರ ಎಳೀಬೇಕಲ್ಲ' ಅಂತ ನೆನಪಿಟ್ಟುಕೊಂಡಿದ್ದು ಯಾರು? ಕೆನಡಾದಲ್ಲಿ 2006ರಲ್ಲಿ ಬೋರೆಗಾರ್ ಅವರು 15 ಜನ ಕಾರ್ಮೆಲೈಟ್ ಸನ್ಯಾಸಿನಿಯರನ್ನು ಸ್ಕ್ಯಾನ್ ಮಾಡಲು ಹೊರಟಾಗ ಅವರು ನೇರವಾಗಿ ಹೇಳಿದರಂತೆ, ದೇವರು ನಾವು ಕರೆದ ಹೊತ್ತಿಗೆ ಬರುವವನಲ್ಲ ಅಂತ. ಕೊನೆಗೆ ಹಿಂದೆ ಆದ ಅನುಭವವನ್ನು ನೆನಪು ಮಾಡಿಕೊಳ್ಳಲು ಹೇಳಿ ಸ್ಕ್ಯಾನ್ ಮಾಡಿದರು. ಒಂದು ಜಾಗವಲ್ಲ, ಮೆದುಳಿನ ಹತ್ತಾರು ಕಡೆ ಚಟುವಟಿಕೆ ಕಂಡಿತು.

ಬಣ್ಣದ ಬಗ್ಗೆ ಒಂದು ಮಾತು. ಎಫ್‌ಎಂಆರ್‌ಐ ನೋಡುವುದು ಯೋಚನೆಯನ್ನಲ್ಲ, ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು. ಮೆದುಳನ್ನು ಸಾವಿರಾರು ಸಣ್ಣ ಚೌಕಗಳನ್ನಾಗಿ ವಿಭಾಗಿಸಿ, ಒಂದೊಂದರಲ್ಲೂ ವ್ಯತ್ಯಾಸ ಇದೆಯಾ ಅಂತ ಲೆಕ್ಕ ಹಾಕುತ್ತಾರೆ. ಅಷ್ಟು ಸಾವಿರ ಸಲ ಕೇಳಿದರೆ ಕೆಲವು ಕಡೆ ಸುಮ್ಮನೆ 'ಹೌದು' ಬಂದೇ ಬರುತ್ತದೆ. ಇದನ್ನು ತೋರಿಸಲು 2009ರಲ್ಲಿ ಬೆನೆಟ್ ಮತ್ತು ಗೆಳೆಯರು ಒಂದು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಇವರ ಭಾವನೆ ಏನು ಹೇಳು ಅಂತ ಕೇಳಿದರು. ಲೆಕ್ಕವನ್ನು ಸರಿಪಡಿಸದೆ ಬಿಟ್ಟರೆ ಸತ್ತ ಮೀನಿನ ಮೆದುಳೂ ಕೆಂಪಗೆ ಹೊಳೆಯಿತು! 2012ರಲ್ಲಿ ಅದಕ್ಕೆ ಇಗ್ ನೊಬೆಲ್ ಬಂತು.

ನಮ್ಮ ಬೆಂಗಳೂರಿನ ಪಾಲೂ ಇದರಲ್ಲಿದೆ. ನಿಮ್ಹಾನ್ಸ್‌ನವರು 2011ರಲ್ಲಿ 'ಓಂ' ಹೇಳುವಾಗಿನ ಮೆದುಳಿನ ಬಗ್ಗೆ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ನನಗೆ ಮೆಚ್ಚಿಗೆಯಾದದ್ದು ಅವರು ಹೋಲಿಕೆಗೆ ಇಟ್ಟುಕೊಂಡ ಸದ್ದು. 'ಓಂ' ಎಷ್ಟು ಹೊತ್ತು ಹೇಳುತ್ತಾರೋ ಅಷ್ಟೇ ಹೊತ್ತು 'ಸ್ಸ್ಸ್' ಅನ್ನಿಸಿದರು. ಉಸಿರು ಬಿಡುವುದು ಎರಡರಲ್ಲೂ ಇದೆ, ಗುಂಯ್‌ಗುಡುವುದು ಓಂನಲ್ಲಿ ಮಾತ್ರ. ಓಂ ಹೇಳುವಾಗ ಭಯ, ಭಾವನೆಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿತು, ಸ್ಸ್ಸ್ ಅನ್ನುವಾಗ ಹಾಗಾಗಲಿಲ್ಲ. ಕಿವಿಯ ಹತ್ತಿರ ಹಾಯುವ ವೇಗಸ್ ನರದ ಮೂಲಕ ಇದು ಆಗುತ್ತಿರಬಹುದು ಅಂತ ಅವರ ಊಹೆ. ಇದು ಪ್ರಾಯೋಗಿಕ ಅಧ್ಯಯನ ಮಾತ್ರ ಅಂತ ಶೀರ್ಷಿಕೆಯಲ್ಲೇ ಹೇಳಿಕೊಂಡಿದ್ದಾರೆ. ಅದು ಪ್ರಾಮಾಣಿಕತೆ. ಅದನ್ನೇ 'ಓಂಕಾರಕ್ಕೆ ವಿಜ್ಞಾನದ ಮುದ್ರೆ' ಅಂತ ವಾಟ್ಸ್ಯಾಪಿನಲ್ಲಿ ಕಳಿಸುವವರದು ಬೇರೆ ವ್ಯವಹಾರ.

ಧ್ಯಾನ ಮಾಡಿದರೆ ಮೆದುಳು ದಪ್ಪವಾಗುತ್ತದೆ ಅಂತಲೂ ಗುರುಗಳು ಹೇಳಿದರು. 2005ರಲ್ಲಿ ಸಾರಾ ಲಾಜರ್, 2011ರಲ್ಲಿ ಹೋಲ್ಜೆಲ್ ಅಂಥ ಫಲಿತಾಂಶ ಪ್ರಕಟಿಸಿದ್ದು ನಿಜ. ಎಂಟು ವಾರದ ಕೋರ್ಸಿಗೇ ಮೆದುಳಿನ ಆಕಾರ ಬದಲಾಗುತ್ತದೆ ಅನ್ನುವುದು ಎಲ್ಲೆಡೆ ಹಬ್ಬಿತು. 2022ರಲ್ಲಿ ವಿಸ್ಕಾನ್ಸಿನ್‌ನ ರಿಚರ್ಡ್ ಡೇವಿಡ್ಸನ್ ಅವರ ತಂಡ 200ಕ್ಕೂ ಹೆಚ್ಚು ಜನರ ಮೇಲೆ, ಸರಿಯಾದ ಹೋಲಿಕೆ ಗುಂಪುಗಳನ್ನಿಟ್ಟುಕೊಂಡು ನೋಡಿತು. ಎಂಟು ವಾರದಲ್ಲಿ ಆಕಾರ ಬದಲಾದ ಗುರುತೇ ಸಿಗಲಿಲ್ಲ. ಡೇವಿಡ್ಸನ್ ಧ್ಯಾನದ ವಿರೋಧಿಯಲ್ಲ, ಸ್ವತಃ ಧ್ಯಾನ ಮಾಡುವವರು, ದಲಾಯಿ ಲಾಮಾ ಅವರ ಗೆಳೆಯರು. ತಮಗೆ ಬೇಡವಾದ ಫಲಿತಾಂಶವನ್ನು ಪ್ರಕಟಿಸಿದರಲ್ಲ, ಅದನ್ನು ನಾನು ಋಷಿಗುಣ ಅನ್ನುತ್ತೇನೆ. ಇದೇ ಡೇವಿಡ್ಸನ್ ಬಳಗ 2004ರಲ್ಲಿ ಟಿಬೆಟಿಯನ್ ಭಿಕ್ಷುಗಳ ಇಇಜಿಯಲ್ಲಿ ಅಸಾಮಾನ್ಯ ಗಾಮಾ ಅಲೆ ಕಂಡಿತ್ತು. ಅವರೆಲ್ಲ 10,000ದಿಂದ 50,000 ಗಂಟೆ ಧ್ಯಾನ ಮಾಡಿದವರು. ನಮ್ಮ ಆಫೀಸಿನ ಲೆಕ್ಕದಲ್ಲಿ, ವಾರಕ್ಕೊಂದು ಶುಕ್ರವಾರ 20 ನಿಮಿಷದ ಹಾಗೆ ಹೋದರೆ, 10,000 ಗಂಟೆ ಮುಟ್ಟಲು ಸುಮಾರು 577 ವರ್ಷ ಬೇಕು. ಅಪ್ರೈಸಲ್ ಅಷ್ಟರಲ್ಲಿ ಬಂದಿರುತ್ತೋ ಇಲ್ಲವೋ.

ನನ್ನ ಜಗಳ ಧ್ಯಾನದ ಜೊತೆ ಅಲ್ಲ. 2014ರಲ್ಲಿ 47 ಪ್ರಯೋಗಗಳನ್ನು, 3,515 ಜನರನ್ನು ಒಟ್ಟುಗೂಡಿಸಿ ನೋಡಿದ ಒಂದು ಸಮೀಕ್ಷೆ ಬಂತು. ಆತಂಕ, ಖಿನ್ನತೆ, ನೋವು ಇವುಗಳಲ್ಲಿ ಧ್ಯಾನದಿಂದ ಸ್ವಲ್ಪ ಉಪಯೋಗ ಇದೆ, ಆದರೆ ವ್ಯಾಯಾಮ, ಔಷಧಿಯಂಥ ಬೇರೆ ಉಪಾಯಗಳಿಗಿಂತ ಹೆಚ್ಚೇನಲ್ಲ ಅಂತ ಅದರ ತೀರ್ಮಾನ. ಸ್ವಲ್ಪ ಉಪಯೋಗ ಇದ್ದರೆ ಸಾಕಲ್ಲ? ವಾಕಿಂಗ್ ಹೋಗುವುದಕ್ಕೆ ಯಾರೂ ಬಣ್ಣದ ಮೆದುಳು ಕೇಳುವುದಿಲ್ಲ. ಇನ್ನೊಂದು ಕಡೆ, ಬ್ರೌನ್ ವಿಶ್ವವಿದ್ಯಾಲಯದ ವಿಲೋಬಿ ಬ್ರಿಟನ್ ಮತ್ತು ಲಿಂಡಾಲ್ 2017ರಲ್ಲಿ ಧ್ಯಾನದಿಂದ ತೊಂದರೆಯಾದವರ ಬಗ್ಗೆ ಬರೆದಿದ್ದಾರೆ. ದಿಗಿಲು, ನಿದ್ದೆ ಬಾರದಿರುವುದು, ನಾನು ನಾನಲ್ಲ ಅನ್ನಿಸಿ ಮೈ ಮರಗಟ್ಟುವುದು. ನಮ್ಮ ಹಳೇ ಗುರುಗಳು ಸಿಕ್ಕಸಿಕ್ಕವರಿಗೆ ಕಲಿಸದೆ, ಶಿಷ್ಯನನ್ನು ಕಣ್ಣೆದುರು ಇಟ್ಟುಕೊಳ್ಳುತ್ತಿದ್ದದ್ದಕ್ಕೆ ಇದೂ ಒಂದು ಕಾರಣ ಇದ್ದೀತು. ಶುಕ್ರವಾರದ ಕ್ಲಾಸಿನಲ್ಲಿ ಯಾರಿಗಾದರೂ ಫಿಟ್ಸ್ ಇದೆಯಾ, ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಅಂತ ಒಂದು ಮಾತು ಕೇಳಲಿಲ್ಲ. ರಾತ್ರಿ ಹನ್ನೊಂದರ ವರೆಗೆ ಯಾಕೆ ಕೂರಬೇಕಾಯ್ತು ಅಂತಲೂ ಯಾರೂ ಕೇಳಲಿಲ್ಲ. ಪಾಪ, ಅದು ಗುರುಗಳ ಕೆಲಸವಲ್ಲ.

ನನಗೆ ಸಿಟ್ಟು ಬರುವುದು ಸರ್ಟಿಫಿಕೇಟಿನ ಆಸೆಗೆ. ಸ್ಕ್ಯಾನರಿನಿಂದ ಸರ್ಟಿಫಿಕೇಟು ಪಡೆಯಲು ಸಾಲಿನಲ್ಲಿ ನಿಂತ ಮೇಲೆ, ಅದು ಫೇಲ್ ಅಂದ ದಿನವೂ ಒಪ್ಪಿಕೊಳ್ಳಬೇಕು. 2005ರ ತಮ್ಮ ಪುಸ್ತಕದಲ್ಲಿ ದಲಾಯಿ ಲಾಮಾ, ಬೌದ್ಧಧರ್ಮದ ಯಾವುದಾದರೂ ಮಾತು ತಪ್ಪು ಅಂತ ವಿಜ್ಞಾನ ನಿರ್ಣಾಯಕವಾಗಿ ತೋರಿಸಿದರೆ ಆ ಮಾತನ್ನು ಬಿಡಬೇಕು ಅನ್ನುವ ಅರ್ಥದಲ್ಲಿ ಬರೆದರು. ಅವರಿಗೆ ಸರ್ಟಿಫಿಕೇಟು ಕೇಳುವ ಹಕ್ಕಿದೆ. ನಮ್ಮಲ್ಲಿ ಪಾಸಾದಾಗ 'ನೋಡಿ, ವಿಜ್ಞಾನ', ಫೇಲಾದಾಗ 'ವಿಜ್ಞಾನಕ್ಕೆ ಇದು ಎಟುಕುವುದಿಲ್ಲ'. ಹೀಗೆ ಟೆಸ್ಟ್ ಬರೆದರೆ ಯಾವ ಕೋಡೂ ಫೇಲಾಗುವುದಿಲ್ಲ.

ಮೊನ್ನೆ ಭಾನುವಾರ ಊರಿಗೆ ಹೋಗಿದ್ದೆ. ಈ ಸಲ ತೀರ್ಮಾನ ಮಾಡಿಕೊಂಡೇ ಹೋಗಿದ್ದೆ, ಅತ್ತೆಗೆ ಹೇಳಿಬಿಡಬೇಕು ಅಂತ. ಸಂಜೆ ಕಾಫಿ ಕುಡಿಯುವಾಗ ಹೇಳಿದೆ. ಸ್ವಿಟ್ಜರ್ಲೆಂಡಿನ ಹುಡುಗಿಯ ಕಥೆ, ಯಂತ್ರದ ಕಥೆ, ಅರ್ಧ ಸೆಕೆಂಡಿನ ಕಥೆ ಎಲ್ಲ. ಅವಳು ಮಧ್ಯೆ ಮಾತಾಡದೆ ಕೇಳಿದಳು.

"ಹಂಗಾರೆ ಬಂದಿದ್ದು ನಾನೇ ಅಂತೀಯ."

"ಹೂಂ ಅತ್ತೆ. ಹಂಗೇ ಕಾಣುತ್ತೆ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬರೋದು ನಿಂತಿದ್ದಕ್ಕೆ ಬೇಜಾರು ಇದೆ ಮಾರಾಯ, ಇಲ್ಲೆ ಅಂತ ಸುಳ್ಳು ಹೇಳ್ಲಿಕ್ಕಿಲ್ಲೆ. ಎಷ್ಟೋ ವರ್ಷದ ಗುರ್ತು. ಆದ್ರೆ ಅವನು ಬರ್ತಾನೆ ಅಂತ ನಾನೇನೂ ದೀಪ ಹಚ್ತಿರ್ಲಿಲ್ಲ. ಹತ್ತು ವರ್ಷದ ಹುಡುಗಿ ಇದ್ದಾಗಿಂದ ಹಚ್ತಿದೀನಿ, ಅವನು ಬಂದಿದ್ದು ಮದುವೆ ಆದ್ಮೇಲೆ."

ನಾನು ಇಷ್ಟು ದಿನ ಏನಂದುಕೊಂಡಿದ್ದೆ ಗೊತ್ತಾ? ವಿಷಯ ತಿಳಿದರೆ ಒಂದೋ ಅವಳು ಗುಳಿಗೆ ಬಿಡುತ್ತಾಳೆ, ಇಲ್ಲವೇ ಪೂಜೆ ಬಿಡುತ್ತಾಳೆ ಅಂತ. ಹೇಳಲು ಹೆದರಿದ್ದೂ ಅದಕ್ಕೇ.

ಕತ್ತಲಾಯಿತು. ದೇವರ ಕೋಣೆಯಲ್ಲಿ ದೀಪ ಹಚ್ಚಿ ಬಾ ಅಂದಳು, ಮೊಣಕಾಲು ನೋವಂತೆ. ಹೋದರೆ ಕರ್ಪೂರದ ಡಬ್ಬಿಯ ಪಕ್ಕದಲ್ಲೇ ಗುಳಿಗೆಯ ಶೀಟು.

"ಇದ್ಯಾಕೆ ಇಲ್ಲಿ ಇಟ್ಟಿದೀಯ ಅತ್ತೆ?"

"ದೀಪ ಹಚ್ಚೋದು ಮರೆಯೋದಿಲ್ಲೆ. ಗುಳಿಗೆ ಮರೀತದೆ. ಅದಕ್ಕೇ." ಆಮೇಲೆ ಅಡುಗೆಮನೆಯಿಂದಲೇ ಕೂಗಿದಳು. "ಎಣಿಸಿ ನೋಡು ತಮ್ಮಾ, ಎಷ್ಟು ಉಳಿದಿದೆ? ಇಲ್ಲಿಯ ಅಂಗಡಿಯವ ಬೇರೆ ಕಂಪನಿದು ಕೊಡ್ತಾನೆ."

ಹನ್ನೆರಡು ಉಳಿದಿದ್ದವು. ಆರು ದಿನಕ್ಕೆ ಸಾಕು. ನಿನ್ನೆ ಬೆಂಗಳೂರಿನಿಂದ ಎರಡು ತಿಂಗಳದ್ದು ಕೊರಿಯರ್ ಮಾಡಿದ್ದೇನೆ.